ಓಟಗಾರನನ್ನು ತೂಗುವುದು ಹೇಗೆ?

1995ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳು ಕಾಲೇಜುಗಳಿಂದ ಬಂದ ಹೊಸ ಆಟಗಾರರನ್ನು ಆರಿಸಿಕೊಂಡವು. ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಓಟಗಾರ ಕಿ-ಜಾನಾ ಕಾರ್ಟರ್. ಎಪ್ಪತ್ತಮೂರು ಆಟಗಾರರ ಬಳಿಕ, 74ನೆಯವನಾಗಿ ಆಯ್ಕೆಯಾದವನು ಕರ್ಟಿಸ್ ಮಾರ್ಟಿನ್. ಇನ್ನೂ ಬಹಳ ಕೆಳಗೆ, 196ನೆಯವನಾಗಿ ಟೆರೆಲ್ ಡೇವಿಸ್ ಎಂಬಾತನ ಹೆಸರು ಬಂತು. ಮೂವರೂ ಒಂದೇ ಸ್ಥಾನದಲ್ಲಿ ಆಡುವವರು.

ಮುಂದೆ ಏನಾಯಿತು? ಕಾರ್ಟರ್ ತನ್ನ ವೃತ್ತಿಜೀವನದಲ್ಲಿ ಓಡಿ ಗಳಿಸಿದ್ದು ಒಟ್ಟು 1,144 ಗಜ. ಮಾರ್ಟಿನ್ ಗಳಿಸಿದ್ದು 14,101 ಗಜ. ಡೇವಿಸ್ 1998ರ ಒಂದೇ ಋತುವಿನಲ್ಲಿ 2,008 ಗಜ ಓಡಿದ. ಮಾರ್ಟಿನ್ ಮತ್ತು ಡೇವಿಸ್ ಇಬ್ಬರಿಗೂ ಮುಂದೆ ಆ ಆಟದ ಅತ್ಯುನ್ನತ ಗೌರವವಾದ 'ಹಾಲ್ ಆಫ್ ಫೇಮ್'ನಲ್ಲಿ ಸ್ಥಾನ ದೊರೆಯಿತು. ಹಾಗಾದರೆ ಆಯ್ಕೆ ಮಾಡಿದವರಿಗೆ ಬುದ್ಧಿ ಇರಲಿಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ, ಅಳತೆ ಎಂದರೇನು, ಅದು ಎಷ್ಟು ದೂರ ನಮ್ಮ ಕೈಹಿಡಿದು ನಡೆಸಬಲ್ಲದು ಎಂಬ ವಿಜ್ಞಾನದ ಮೂಲಭೂತ ಪ್ರಶ್ನೆಯನ್ನೇ ಎದುರಿಸಬೇಕಾಗುತ್ತದೆ.

ಆಟ ಮತ್ತು ಸರದಿ

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ಇದು ನಾವು ಆಡುವ ಕಾಲ್ಚೆಂಡಾಟವಲ್ಲ. ಪ್ರತಿ ತಂಡದಲ್ಲಿ 11 ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಇಲ್ಲವೇ ಎಸೆಯಬಹುದು. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನಗಳ ಅವಕಾಶ ಸಿಗುತ್ತದೆ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವವನೇ 'ರನ್ನಿಂಗ್ ಬ್ಯಾಕ್'. ನಮ್ಮ ಕಬಡ್ಡಿಯ ದಾಳಿಗಾರ ನೆನಪಾಗಬಹುದು. ಆದರೆ ಒಂದು ವ್ಯತ್ಯಾಸವಿದೆ. ಕಬಡ್ಡಿಯಲ್ಲಿ ದಾಳಿಗಾರ ಒಬ್ಬನೇ ಎದುರು ಅಂಗಳಕ್ಕೆ ಹೋಗುತ್ತಾನೆ. ಇಲ್ಲಿ ಓಟಗಾರನ ಮುಂದೆ ಅವನದೇ ತಂಡದ ದೈತ್ಯಕಾಯದ ತಡೆಗಾರರು ನಿಂತು, ಎದುರಾಳಿಗಳನ್ನು ತಳ್ಳಿ ದಾರಿ ಬಿಡಿಸುತ್ತಾರೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ರಾಷ್ಟ್ರೀಯ ಫುಟ್‌ಬಾಲ್ ಲೀಗ್, ಅಂದರೆ ಎನ್.ಎಫ್.ಎಲ್.ನಲ್ಲಿ ಈಗ 32 ತಂಡಗಳಿವೆ. ಹೊಸ ಆಟಗಾರರನ್ನು ಹಂಚಿಕೊಳ್ಳುವ ಕ್ರಮಕ್ಕೆ 'ಡ್ರಾಫ್ಟ್' ಎಂದು ಹೆಸರು. 1936ರಲ್ಲಿ ಇದು ಆರಂಭವಾಯಿತು. ನಮ್ಮ ಐ.ಪಿ.ಎಲ್. ಹರಾಜಿನಲ್ಲಿ ಹಣ ಹೆಚ್ಚು ಕೂಗಿದವರಿಗೆ ಆಟಗಾರ ಸಿಗುತ್ತಾನಲ್ಲವೇ? ಇಲ್ಲಿ ಕೂಗಾಟವಿಲ್ಲ, ಸರದಿಯಿದೆ. ಹಿಂದಿನ ವರ್ಷ ಅತ್ಯಂತ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ. ಹೀಗೆ ಏಳು ಸುತ್ತುಗಳು. ತಂಡಗಳು ತಮ್ಮ ಸರದಿಯನ್ನು ವಿನಿಮಯ ಮಾಡಿಕೊಳ್ಳಲೂಬಹುದು. ಮೊದಲ ಸುತ್ತಿನ ಸರದಿ ಬೆಲೆಬಾಳುವ ವಸ್ತು. ಅದನ್ನು ಯಾರ ಮೇಲೆ ಖರ್ಚು ಮಾಡಬೇಕೆಂಬುದೇ ತಂಡಗಳ ತಲೆನೋವು.

ಗಡಿಯಾರ ಏನು ಹೇಳುತ್ತದೆ?

ಆಯ್ಕೆಗೆ ಮುನ್ನ 300ಕ್ಕೂ ಹೆಚ್ಚು ಕಾಲೇಜು ಆಟಗಾರರನ್ನು ಒಂದೆಡೆ ಸೇರಿಸಿ ಪರೀಕ್ಷಿಸುತ್ತಾರೆ. 'ಕಂಬೈನ್' ಎಂಬ ಈ ಪರೀಕ್ಷೆ 1987ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆಯುತ್ತಾ ಬಂದಿದೆ. ವೈದ್ಯರ ತಪಾಸಣೆ, ನಿಂತಲ್ಲಿಂದ ಮೇಲಕ್ಕೆ ನೆಗೆತ, ಮುಂದಕ್ಕೆ ನೆಗೆತ, ದಿಕ್ಕು ಬದಲಿಸಿ ಓಡುವ ಪರೀಕ್ಷೆ ಇವೆಲ್ಲ ಇದರಲ್ಲಿರುತ್ತವೆ. ಎಲ್ಲರ ಕಣ್ಣೂ ಇರುವುದು ಮಾತ್ರ 40 ಗಜದ ಓಟದ ಮೇಲೆ. 40 ಗಜವೆಂದರೆ 36.58 ಮೀಟರ್.

2008ರಲ್ಲಿ ಕ್ರಿಸ್ ಜಾನ್ಸನ್ ಈ ದೂರವನ್ನು 4.24 ಸೆಕೆಂಡುಗಳಲ್ಲಿ ಓಡಿದ. ಸಾಮಾನ್ಯವಾಗಿ ಓಟಗಾರರ ಕಾಲ 4.4ರಿಂದ 4.6 ಸೆಕೆಂಡುಗಳ ಆಸುಪಾಸಿನಲ್ಲಿರುತ್ತದೆ. ಒಬ್ಬ 4.4, ಇನ್ನೊಬ್ಬ 4.5 ಸೆಕೆಂಡು ತೆಗೆದುಕೊಂಡರೆ ಇಬ್ಬರ ನಡುವಿನ ಅಂತರವೆಷ್ಟು? ಸರಾಸರಿ ವೇಗದಿಂದ ಲೆಕ್ಕ ಹಾಕಿ ನೋಡಿ. ಮೊದಲನೆಯವನು ಗುರಿ ಮುಟ್ಟಿದಾಗ ಎರಡನೆಯವನು ಒಂದು ಮೀಟರ್‌ಗಿಂತ ತುಸು ಕಡಿಮೆ ದೂರ ಹಿಂದಿರುತ್ತಾನೆ. ಎದುರಾಳಿಯ ಚಾಚಿದ ಕೈ ತಲುಪುವುದೂ ಸುಮಾರು ಅಷ್ಟೇ ದೂರ. ಆದುದರಿಂದ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಕಡೆಗಣಿಸುವಂತಿಲ್ಲ.

ಆದರೆ ತುಸು ತಾಳಿ. ಗಡಿಯಾರವನ್ನು ಒತ್ತುವುದು ಕೈಯಾಗಿದ್ದರೆ ಅಳತೆಯಲ್ಲೇ ಅಷ್ಟು ದೋಷ ನುಸುಳಬಹುದು. ಆಟಗಾರ ಕದಲಿದ್ದನ್ನು ಕಣ್ಣು ಕಂಡು, ಬೆರಳು ಒತ್ತಲು ಸುಮಾರು 0.2 ಸೆಕೆಂಡು ಬೇಕು. ಕೊನೆಯಲ್ಲಿ ಮಾತ್ರ ಓಟಗಾರ ಬರುತ್ತಿರುವುದು ಮೊದಲೇ ಕಾಣುವುದರಿಂದ ಬೆರಳು ಸರಿಯಾದ ಹೊತ್ತಿಗೇ ಒತ್ತುತ್ತದೆ. ಪರಿಣಾಮವಾಗಿ ಕೈಗಡಿಯಾರದ ಕಾಲ ನಿಜವಾದ ಕಾಲಕ್ಕಿಂತ ಕಡಿಮೆ ಬರುತ್ತದೆ. ಕಂಬೈನ್‌ನಲ್ಲಿ ಈಗ ವಿದ್ಯುನ್ಮಾನ ಉಪಕರಣಗಳಿವೆ. ಕಾಲೇಜುಗಳಲ್ಲಿ ನಡೆಯುವ ಪ್ರತ್ಯೇಕ ಪರೀಕ್ಷೆಗಳಲ್ಲಿ ಕೈಗಡಿಯಾರದ ಬಳಕೆ ಇನ್ನೂ ಇದೆ. ಈ ಎರಡು ಬಗೆಯ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದು ಸೇರನ್ನೂ ಕಿಲೋವನ್ನೂ ಕೂಡಿಸಿದಂತೆ.

ತೂಕವೂ ಬೇಕು, ವೇಗವೂ ಬೇಕು

ಭೌತಶಾಸ್ತ್ರದ ತರಗತಿಯಲ್ಲಿ ಸಂವೇಗದ ವಿಷಯ ಓದಿದ್ದೀರಿ. ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಕ್ರಿಸ್ ಜಾನ್ಸನ್ನನ ತೂಕ 197 ಪೌಂಡು, ಅಂದರೆ ಸುಮಾರು 89.4 ಕಿಲೋ. 40 ಗಜದಲ್ಲಿ ಅವನ ಸರಾಸರಿ ವೇಗ ಸೆಕೆಂಡಿಗೆ 8.63 ಮೀಟರ್. 2018ರಲ್ಲಿ ಎರಡನೆಯವನಾಗಿ ಆಯ್ಕೆಯಾದ ಸಾಕ್ವಾನ್ ಬಾರ್ಕ್‌ಲಿಯ ತೂಕ 233 ಪೌಂಡು, ಸುಮಾರು 105.7 ಕಿಲೋ. ಅವನ ಕಾಲ 4.40 ಸೆಕೆಂಡು, ಸರಾಸರಿ ವೇಗ 8.31 ಮೀಟರ್. ಗುಣಿಸಿ ನೋಡಿದರೆ ಜಾನ್ಸನ್ನನ ಸಂವೇಗ ಸುಮಾರು 771, ಬಾರ್ಕ್‌ಲಿಯದು 879 ಘಟಕಗಳು. ನಿಧಾನವಾಗಿ ಓಡಿದವನನ್ನು ತಡೆದು ನಿಲ್ಲಿಸುವುದೇ ಹೆಚ್ಚು ಕಷ್ಟ ಎಂದಾಯಿತು.

ಇದೇ ವಿಚಾರವನ್ನು ಹಿಡಿದು 2008ರಲ್ಲಿ ಬಿಲ್ ಬಾರ್ನ್‌ವೆಲ್ ಎಂಬ ಲೇಖಕರು 'ಸ್ಪೀಡ್ ಸ್ಕೋರ್' ಎಂಬ ಸೂತ್ರ ರೂಪಿಸಿದರು. ತೂಕವನ್ನು ಪೌಂಡುಗಳಲ್ಲಿ ತೆಗೆದುಕೊಂಡು 200ರಿಂದ ಗುಣಿಸಿ, ಅದನ್ನು 40 ಗಜದ ಕಾಲದ ನಾಲ್ಕನೇ ಘಾತದಿಂದ ಭಾಗಿಸಬೇಕು. ಸರಾಸರಿ ಓಟಗಾರನಿಗೆ 100ರ ಆಸುಪಾಸಿನ ಅಂಕ ಬರುತ್ತದೆ. ಜಾನ್ಸನ್ನನಿಗೆ ಸುಮಾರು 122, ಬಾರ್ಕ್‌ಲಿಗೆ 124. ಇಬ್ಬರೂ ಮುಂದೆ ಒಂದೊಂದು ಋತುವಿನಲ್ಲಿ 2,000 ಗಜ ದಾಟಿದರು. ಸೂತ್ರ ಗೆದ್ದಿತು ಎನ್ನೋಣವೇ? ಬೇಡ. ಈ ಆಟದ ಇತಿಹಾಸದಲ್ಲಿ ಎಲ್ಲರಿಗಿಂತ ಹೆಚ್ಚು, 18,355 ಗಜ ಓಡಿದ ಎಮಿಟ್ ಸ್ಮಿತ್ 1990ರಲ್ಲಿ 17ನೆಯವನಾಗಿ ಆಯ್ಕೆಯಾದ. ಅಷ್ಟು ಕೆಳಗಿಳಿಯಲು ಒಂದು ಕಾರಣ, ಅವನ ವೇಗ ಸಾಲದೆಂಬ ಅನುಮಾನ. ಪರೀಕ್ಷೆಯ ಓಟ ನೇರವಾದದ್ದು, ರಕ್ಷಾಕವಚವಿಲ್ಲದ್ದು, ಎದುರಾಳಿಯಿಲ್ಲದ್ದು. ಪಂದ್ಯದಲ್ಲಿ ಹೆಚ್ಚಿನ ಓಟಗಳು ನಾಲ್ಕೈದು ಗಜದೊಳಗೇ ಮುಗಿಯುತ್ತವೆ. ಎಲ್ಲಿ ಸಂದು ತೆರೆಯುತ್ತದೆಂದು ಕಾದು, ತೆರೆದೊಡನೆ ನುಗ್ಗುವ ಕಣ್ಣಿನ ಚುರುಕು ಯಾವ ಗಡಿಯಾರಕ್ಕೂ ಸಿಗುವುದಿಲ್ಲ.

ಇದು ಯಾರ ಸಾಧನೆ?

ಈಗ ತಡೆಗಾರರ ಮಾತಿಗೆ ಬರೋಣ. ದೂರದರ್ಶನ ಕಾರ್ಯಕ್ರಮ ತಯಾರಿಸುವ ನಮ್ಮಂಥವರಿಗೆ ಈ ಆಟ ನೋಡುವಾಗ ಒಂದು ಸಂಗತಿ ಬೇಗ ಹೊಳೆಯುತ್ತದೆ. ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆ. ಚೆಂಡು ಹಿಡಿದವನೇ ತೆರೆಯ ತುಂಬ ಕಾಣುತ್ತಾನೆ. ಅವನಿಗೆ ದಾರಿ ಬಿಡಿಸಿದವರು ಚೌಕಟ್ಟಿನ ಹೊರಗೆ ಉಳಿದುಬಿಡುತ್ತಾರೆ. ಅದಕ್ಕೇ ಆಟಗಾರರನ್ನು ಆರಿಸುವವರು ಎತ್ತರದಿಂದ ತೆಗೆದ, 22 ಮಂದಿಯೂ ಒಟ್ಟಿಗೆ ಕಾಣುವ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಾರೆ.

ವಿಜ್ಞಾನದಲ್ಲಿ ಒಂದು ಅಂಶದ ಪರಿಣಾಮ ತಿಳಿಯಬೇಕಾದರೆ ಉಳಿದವನ್ನು ಬದಲಿಸದೆ ಅದೊಂದನ್ನೇ ಬದಲಿಸುತ್ತೇವೆ. ಪಂದ್ಯದಲ್ಲಿ ಅಂಥ ಪ್ರಯೋಗ ಸಾಧ್ಯವಿಲ್ಲ. ಆದರೂ ಕೆಲವೊಮ್ಮೆ ಅದಕ್ಕೆ ಹತ್ತಿರದ ಸನ್ನಿವೇಶ ತಾನಾಗಿ ಒದಗುತ್ತದೆ. ಟೆರೆಲ್ ಡೇವಿಸ್ ಆಡುತ್ತಿದ್ದ ಡೆನ್ವರ್ ತಂಡವನ್ನೇ ನೋಡಿ. 1999ರಲ್ಲಿ ಆತ ಗಾಯಗೊಂಡಾಗ ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ ಒಲಾಂಡಿಸ್ ಗ್ಯಾರಿ ಅವನ ಜಾಗಕ್ಕೆ ಬಂದು 1,159 ಗಜ ಓಡಿದ. ಮರುವರ್ಷ ಆರನೇ ಸುತ್ತಿನ ಮೈಕ್ ಆಂಡರ್ಸನ್ 1,487 ಗಜ ಓಡಿದ. ಓಟಗಾರ ಬದಲಾದರೂ ಫಲ ಬರುತ್ತಲೇ ಇತ್ತು. ತರಬೇತುದಾರ ಮೈಕ್ ಶಾನಹಾನ್ ಮುಂದೆ ವಾಷಿಂಗ್ಟನ್ ತಂಡಕ್ಕೆ ಹೋದಾಗ, 2012ರಲ್ಲಿ 173ನೆಯವನಾಗಿ ಬಂದ ಆಲ್ಫ್ರೆಡ್ ಮಾರಿಸ್ ಮೊದಲ ವರ್ಷವೇ 1,613 ಗಜ ಓಡಿದ. ಅದೇ ವರ್ಷ ಮೂರನೆಯವನಾಗಿ ಕ್ಲೀವ್‌ಲ್ಯಾಂಡ್ ತಂಡ ಆರಿಸಿದ್ದ ಟ್ರೆಂಟ್ ರಿಚರ್ಡ್‌ಸನ್ ಗಳಿಸಿದ್ದು 950 ಗಜ.

ಇದರ ತದ್ವಿರುದ್ಧ ಪ್ರಯೋಗವೂ ಇದೆ. ಬಾರ್ಕ್‌ಲಿ 2023ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ ಪ್ರತಿ ಓಟಕ್ಕೆ ಸರಾಸರಿ 3.9 ಗಜ ಗಳಿಸಿದ. 2024ರಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಹೋದ. ಅಲ್ಲಿ ಸರಾಸರಿ 5.8 ಗಜ; ಒಟ್ಟು 2,005 ಗಜ. ಮನುಷ್ಯ ಅವನೇ, ಮುಂದೆ ನಿಂತವರು ಬೇರೆ. ಹಾಗೆಂದು ಎಲ್ಲ ಶ್ರೇಯಸ್ಸನ್ನೂ ತಡೆಗಾರರಿಗೇ ಕೊಡಬಹುದೇ? ಹಿಂದಿನ ವರ್ಷ ಅದೇ ಫಿಲಡೆಲ್ಫಿಯಾದಲ್ಲಿ ಓಡಿದ್ದ ಡಿ'ಆಂಡ್ರೆ ಸ್ವಿಫ್ಟ್‌ನ ಸರಾಸರಿ 4.6 ಗಜ. 3.9ರಿಂದ 4.6ರವರೆಗಿನ ಏರಿಕೆ ತಂಡದ್ದು, ಅಲ್ಲಿಂದ 5.8ರವರೆಗಿನದು ಬಾರ್ಕ್‌ಲಿಯದು ಎಂದು ಸ್ಥೂಲವಾಗಿ ಊಹಿಸಬಹುದು. ತಂಡವೂ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಕಾಲೇಜಿನಲ್ಲಿ ಒಬ್ಬ ಓಟಗಾರ ಗಳಿಸಿದ ಗಜಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಅವನಿಗೆ ದಾರಿ ಬಿಡಿಸಿದವರು ಎಂಥವರು, ಎದುರಾಳಿ ಮುಟ್ಟಿದ ಮೇಲೂ ಅವನು ಎಷ್ಟು ದೂರ ಸಾಗಿದ ಎಂದು ಕೇಳಬೇಕು.

ಎಲ್ಲರೂ ಜಾಣರಾದ ತರಗತಿ

ಶೇಕಡಾ 95ಕ್ಕೂ ಹೆಚ್ಚು ಅಂಕ ಪಡೆದವರಿಗೆ ಮಾತ್ರ ಪ್ರವೇಶ ಕೊಡುವ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಿ. ಅಲ್ಲಿ 96 ಪಡೆದವನೂ 98 ಪಡೆದವನೂ ಇರುತ್ತಾರೆ. ಮುಂದೆ ಯಾರು ಒಳ್ಳೆಯ ವೈದ್ಯರಾಗುತ್ತಾರೆಂದು ಆ ಎರಡು ಅಂಕಗಳ ವ್ಯತ್ಯಾಸ ಹೇಳಬಲ್ಲುದೇ? ಹೇಳಲಾರದು. ಹಾಗೆಂದು ಅಂಕಗಳಿಗೆ ಅರ್ಥವೇ ಇಲ್ಲವೆಂದಲ್ಲ. ಜರಡಿ ಒಮ್ಮೆ ಕೆಲಸ ಮಾಡಿದ ಮೇಲೆ ಉಳಿದ ಕಾಳುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವು. ಅವನ್ನು ಮತ್ತೆ ಬೇರ್ಪಡಿಸಲು ಅದೇ ಜರಡಿಯಿಂದ ಆಗದು. ಕಂಬೈನ್‌ಗೆ ಬರುವ ಓಟಗಾರರೆಲ್ಲ ಮೊದಲೇ ಜರಡಿ ಹಿಡಿದು ಉಳಿದವರು.

ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ತೋರಿಸಿತು. ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದೇ ಸ್ಥಾನಕ್ಕೆ ಒಬ್ಬರ ಹಿಂದೊಬ್ಬರು ಆಯ್ಕೆಯಾದ ಇಬ್ಬರಲ್ಲಿ ಮೊದಲಿನವನೇ ಉತ್ತಮನೆಂದು ಸಾಬೀತಾಗುವ ಸಾಧ್ಯತೆ ಅರ್ಧಕ್ಕಿಂತ ತುಸುವೇ ಹೆಚ್ಚು ಎಂದು ಅವರು ಕಂಡುಕೊಂಡರು. ಆದರೆ ಗುಂಪಾಗಿ ನೋಡಿದರೆ ಮೊದಲ ಸುತ್ತಿನವರು ಆರನೇ ಸುತ್ತಿನವರಿಗಿಂತ ಮೇಲು. ಟೆರೆಲ್ ಡೇವಿಸ್‌ನನ್ನು ನಾವು ನೆನಪಿಡುತ್ತೇವೆ. ಅದೇ ಸುತ್ತಿನಲ್ಲಿ ಬಂದು ಹೆಸರಿಲ್ಲದೆ ಹೋದವರನ್ನು ಯಾರೂ ನೆನಪಿಡುವುದಿಲ್ಲ. ಒಂದು ಉದಾಹರಣೆಯಿಂದ ನಿಯಮ ಕಟ್ಟಬಾರದು.

ಮೊಣಕಾಲಿನ ಲೆಕ್ಕ

ಇಷ್ಟೆಲ್ಲ ಅಳೆದರೂ ಅಳತೆಗೆ ಸಿಗದ ಒಂದು ಸಂಗತಿಯಿದೆ. ಕಾರ್ಟರ್‌ನ ಕಥೆ ಮುಗಿದದ್ದು ಪ್ರತಿಭೆಯ ಕೊರತೆಯಿಂದಲ್ಲ. ಋತು ಆರಂಭವಾಗುವ ಮುನ್ನ ನಡೆದ ಅಭ್ಯಾಸ ಪಂದ್ಯದಲ್ಲಿ, ಮೂರನೇ ಬಾರಿ ಚೆಂಡು ಹಿಡಿದು ಓಡಿದಾಗಲೇ ಅವನ ಮೊಣಕಾಲಿನ ಕಟ್ಟು ಹರಿಯಿತು. ಡೇವಿಸ್‌ನ ವೃತ್ತಿಯನ್ನೂ ಮೊಟಕುಗೊಳಿಸಿದ್ದು ಮೊಣಕಾಲೇ. ಪ್ರತಿ ಓಟದ ಕೊನೆಗೂ ಓಟಗಾರನಿಗೆ ಪೆಟ್ಟು ಬೀಳುತ್ತದೆ. ಆದುದರಿಂದ ತಂಡಗಳು ಈ ಸ್ಥಾನಕ್ಕೆ ಮೊದಲ ಸುತ್ತಿನ ಸರದಿ ಖರ್ಚು ಮಾಡಲು ಹಿಂಜರಿಯತೊಡಗಿದವು. 2013ರಲ್ಲಿ ಮೊದಲ ಸುತ್ತಿನಲ್ಲಿ ಒಬ್ಬ ಓಟಗಾರನೂ ಆಯ್ಕೆಯಾಗಲಿಲ್ಲ. 1963ರ ಬಳಿಕ ಹಾಗಾದದ್ದು ಅದೇ ಮೊದಲು. 2014ರಲ್ಲೂ ಅದೇ ಕಥೆ. ಆಮೇಲೆ ಗಾಳಿ ತಿರುಗಿತು. 2025ರಲ್ಲಿ ಆಷ್ಟನ್ ಜೆಂಟಿ ಆರನೆಯವನಾಗಿ ಆಯ್ಕೆಯಾದ.

ಆಟಗಾರನ ಕಡೆಯಿಂದಲೂ ಈ ಲೆಕ್ಕ ನೋಡಬೇಕು. 2011ರ ಒಪ್ಪಂದದಂತೆ ಆಯ್ಕೆಯಾದವನ ಮೊದಲ ಕರಾರು ನಾಲ್ಕು ವರ್ಷದ್ದು. ಸಂಬಳ ಸರದಿಗೆ ತಕ್ಕಂತೆ ಗೊತ್ತಾಗಿರುತ್ತದೆ. ಮೊದಲ ಸುತ್ತಿನವನನ್ನು ತಂಡ ಐದನೇ ವರ್ಷಕ್ಕೂ ಉಳಿಸಿಕೊಳ್ಳಬಹುದು. ಅವನ ದೇಹ ಅತ್ಯುತ್ತಮವಾಗಿರುವುದು ಆ ವರ್ಷಗಳಲ್ಲೇ. ಕರಾರು ಮುಗಿದು ಹೆಚ್ಚು ಕೇಳುವ ಹೊತ್ತಿಗೆ 'ಇವನ ಕಾಲು ಸವೆದಿದೆ' ಎಂಬ ಮಾತು ಕೇಳಬೇಕಾಗುತ್ತದೆ. ಲೆವಿಯಾನ್ ಬೆಲ್ ಎಂಬ ಹೆಸರಾಂತ ಓಟಗಾರ ಸಂಬಳದ ವಿವಾದದಿಂದ 2018ರ ಇಡೀ ಋತು ಆಡದೆ ಉಳಿದ. ಸರಾಸರಿಯ ಲೆಕ್ಕ ತಂಡಕ್ಕೆ ಸರಿಯಿರಬಹುದು. ಆದರೆ ಪ್ರತಿ ಆಟಗಾರನಿಗೂ ಇರುವುದು ಒಂದೇ ಜೊತೆ ಮೊಣಕಾಲು. ಸರಾಸರಿಯನ್ನು ಮೀರುವವರೂ ಇದ್ದಾರೆ: 2016ರಲ್ಲಿ 45ನೆಯವನಾಗಿ ಬಂದ ಡೆರಿಕ್ ಹೆನ್ರಿ, ಮೂವತ್ತು ತುಂಬಿದ ಮೇಲೆ 2024ರ ಋತುವಿನಲ್ಲಿ 1,921 ಗಜ ಓಡಿದ.

ನೀವೇ ಮಾಡಿ ನೋಡಿ

ನಿಮ್ಮ ಶಾಲೆಯ ಮೈದಾನದಲ್ಲಿ 36.58 ಮೀಟರ್ ಅಳೆದು ಗೆರೆ ಹಾಕಿ. ಒಬ್ಬ ಗೆಳೆಯ ಓಡಲಿ. ಐದು ಮಂದಿ ಬೇರೆ ಬೇರೆ ಗಡಿಯಾರಗಳಿಂದ ಕಾಲ ಅಳೆಯಲಿ. ಒಬ್ಬರ ಅಂಕಿ ಇನ್ನೊಬ್ಬರಿಗೆ ತಿಳಿಯದಂತೆ ಬರೆದಿಟ್ಟು, ಬಳಿಕ ಹೋಲಿಸಿ. ಅದೇ ಗೆಳೆಯ ವಿಶ್ರಾಂತಿ ಪಡೆದು ಮತ್ತೆ ಎರಡು ಸಲ ಓಡಲಿ. ಅಳೆಯುವವರಿಂದ ಬರುವ ವ್ಯತ್ಯಾಸವೆಷ್ಟು, ಓಡುವವನಿಂದ ಬರುವ ವ್ಯತ್ಯಾಸವೆಷ್ಟು ಎಂದು ಪಟ್ಟಿ ಮಾಡಿ. ಆಮೇಲೆ ಇಬ್ಬರು ಓಟಗಾರರನ್ನು ಹೋಲಿಸಿ, ಯಾರು ಮೇಲೆಂದು ಹೇಳಲು ನಿಮಗೆ ಎಷ್ಟು ಅಂತರ ಬೇಕೆಂದು ತರಗತಿಯಲ್ಲಿ ಚರ್ಚಿಸಿ. ಲಕ್ಷಾಂತರ ಡಾಲರುಗಳನ್ನು ಕೈಯಲ್ಲಿ ಹಿಡಿದು ಇಂಡಿಯಾನಾಪೊಲಿಸ್‌ನಲ್ಲಿ ಕುಳಿತವರ ಮುಂದಿರುವುದೂ ಇದೇ ಪ್ರಶ್ನೆ.