ಹಲ್ಲಿಗೆ ತಂತಿ, ಬಾಯಿಗೆ ಬೀಗವಿಲ್ಲ!

ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿಯರು ಫೋಟೋಗೆ ನಿಂತಾಗ ತುಟಿ ಬಿಗಿಹಿಡಿಯುವುದು ವಾಡಿಕೆ. ಲಂಡನ್ನಿನ ಪಾಲಿ ಸ್ಟೈರೀನ್ ಮಾತ್ರ ಅದೇ ಬಾಯಿ ತೆರೆದು, ವೇದಿಕೆಯ ಮೇಲೆ ಕಿರುಚಿ ಹಾಡಿದಳು.

ನಿಜ ನಾಮಧೇಯ ಮೇರಿಯಾನ್. ತಂದೆ ಸೋಮಾಲಿಯಾದವರು, ಸಾಕಿದ್ದು ತಾಯಿಯೊಬ್ಬಳೇ. ಹಾಡಲು ಇಟ್ಟುಕೊಂಡ ಹೆಸರೋ, ಟೆಲಿಫೋನ್ ಡೈರೆಕ್ಟರಿಯಿಂದ ಹೆಕ್ಕಿದ್ದು! ಪಾಲಿಸ್ಟೈರೀನ್ ಅಂದರೆ ನಮ್ಮ ಗಣೇಶನ ಮಂಟಪದ ಥರ್ಮೋಕೋಲ್ ಇದೆಯಲ್ಲ, ಅದೇ. 1976ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, 'ಎಕ್ಸ್-ರೇ ಸ್ಪೆಕ್ಸ್' ಎಂಬ ಪಂಕ್ ತಂಡ ಕಟ್ಟಿದಳು. ಹೆಣ್ಣುಮಕ್ಕಳು ತೆಪ್ಪಗಿರಬೇಕೆನ್ನುವವರನ್ನು 1977ರ ಮೊದಲ ರೆಕಾರ್ಡಿನಲ್ಲೇ ಝಾಡಿಸಿದಳು. ಅದರಲ್ಲಿ ಸ್ಯಾಕ್ಸೋಫೋನ್ ಊದಿದವಳೂ ಹುಡುಗಿಯೇ, ಲೋರಾ ಲಾಜಿಕ್. 1978ರ 'ಜರ್ಮ್‌ಫ್ರೀ ಅಡೋಲಸೆಂಟ್ಸ್' ಎಲ್.ಪಿ.ಯಲ್ಲಿ ಪ್ಲಾಸ್ಟಿಕ್ಕು, ಜಾಹೀರಾತು, ಹಲ್ಲುಜ್ಜುವ ಗೀಳು ಎಲ್ಲವೂ ಹಾಡಾಗಿವೆ. ಇಂಪಾಗಿದೆಯೇ ಅಂದರೆ, ಇಲ್ಲಮ್ಮ! ಮೊದಲ ಸಲ ಕಿವಿ ಮುಚ್ಚಿಕೊಳ್ಳೋಣ ಅನ್ನಿಸೀತು. ಎರಡನೇ ಸಲ ಆ ಸಿಟ್ಟು ನಮ್ಮದೂ ಅನ್ನಿಸುತ್ತದೆ.

ಖ್ಯಾತಿ ಅವಳಿಗೆ ಒಗ್ಗಲಿಲ್ಲ. ಮನಸ್ಸು ಕದಡಿ ಆಸ್ಪತ್ರೆ ಸೇರಿದಾಗ ವೈದ್ಯರು ಸ್ಕಿಜೋಫ್ರೇನಿಯಾ ಅಂದುಬಿಟ್ಟರು. ಅದು ಬೈಪೋಲಾರ್ ಕಾಯಿಲೆಯೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1979ರಲ್ಲಿ ತಂಡ ಬಿಟ್ಟಳು, ಮುಂದೆ ಹರೇ ಕೃಷ್ಣ ಪಂಥ ಸೇರಿದಳು. 2011ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಮಗಳು ಸೆಲೆಸ್ಟ್ ಬೆಲ್ ತಾಯಿಯ ಬಗ್ಗೆ ಇನ್ನೊಬ್ಬರ ಜೊತೆಗೂಡಿ ಮಾಡಿದ ಸಾಕ್ಷ್ಯಚಿತ್ರ 2021ರಲ್ಲಿ ಬಂತು. ಅದರಲ್ಲಿ ಮಗಳ ಮುನಿಸೂ ಇದೆ, ಮಮತೆಯೂ ಇದೆ.