ನಿಮ್ಮ ನಂಬರು ಇನ್ನೊಬ್ಬರ ಫೋನಿನಲ್ಲಿದೆ

ಯಾವುದೇ ಹೊಸ ಸಾಮಾಜಿಕ ಜಾಲತಾಣದ ಆ್ಯಪ್ ಹಾಕಿಕೊಳ್ಳಿ, ಹೆಸರು ನೋಂದಾಯಿಸುವ ಹೊತ್ತಿಗೇ ಅದು ಕಾಂಟ್ಯಾಕ್ಟ್ ಪಟ್ಟಿ ನೋಡಲು ಅನುಮತಿ ಕೇಳುತ್ತದೆ. ಒಪ್ಪಿದರೆ ಪರಿಚಯದವರಲ್ಲಿ ಯಾರು ಯಾರು ಅಲ್ಲಿದ್ದಾರೆಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಒಪ್ಪದಿದ್ದರೆ ಖಾಲಿ ಪುಟ. ಬಳಸಲು ಸಲೀಸಾಗಿರುವ, ಖಾಸಗಿತನವನ್ನೂ ಗೌರವಿಸುವ ಜಾಲತಾಣ ಕಟ್ಟುತ್ತೇವೆಂದು ಹೊರಟ ಎಲ್ಲರಿಗೂ ಮೊದಲ ಸಂಕಟ ಎದುರಾಗುವುದು ಇಲ್ಲಿಯೇ. ಮುಂದೆ ಬರಲಿರುವ ಅಪಾಯದ ಬೀಜವೂ ಇಲ್ಲೇ ಇದೆ ಎಂಬುದು ನನ್ನ ಲೆಕ್ಕಾಚಾರ.

ಆ ಪಟ್ಟಿಯಲ್ಲಿ ಬರೀ ನಂಬರುಗಳಿರುವುದಿಲ್ಲ. 'ಅತ್ತೆ ಮೈಸೂರು', 'ಶುಗರ್ ಡಾಕ್ಟರ್', 'ಚೀಟಿ ಲಕ್ಷ್ಮಿ', 'ಓನರ್ ಬಾಡಿಗೆ' ಎಂದೆಲ್ಲ ನಾವು ಬರೆದುಕೊಂಡಿರುತ್ತೇವೆ. ನಂಟು, ಕಾಯಿಲೆ, ಹಣಕಾಸು ಎಲ್ಲವೂ ಅದರಲ್ಲಿವೆ. ಅದನ್ನು ಹಂಚಿಕೊಳ್ಳಲು ಒಪ್ಪಿಗೆ ಕೊಡುವವರು ಫೋನಿನ ಒಡೆಯರು ಮಾತ್ರ. ಪಟ್ಟಿಯೊಳಗಿರುವ ಮುನ್ನೂರು ನಾನ್ನೂರು ಮಂದಿಯನ್ನು ಯಾರೂ ಕೇಳುವುದಿಲ್ಲ.

'ನಾವು ನಂಬರನ್ನು ನೇರವಾಗಿ ಪಡೆಯುವುದಿಲ್ಲ, ಹ್ಯಾಶ್ ಮಾಡಿ ಪಡೆಯುತ್ತೇವೆ' ಎನ್ನುವ ಸಮಾಧಾನ ಆಗಾಗ ಕೇಳಿಬರುತ್ತದೆ. ಹ್ಯಾಶ್ ಎಂದರೆ ಒಂದು ಸಂಖ್ಯೆಯನ್ನು ಗಣಿತದ ಸೂತ್ರದಿಂದ ಗುರುತು ಸಿಗದ ಅಕ್ಷರಮಾಲೆಯಾಗಿಸುವುದು. ಅದನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ ಎಂಬುದು ನಿಜ. ಆದರೆ ತಿರುಗಿಸುವ ಅಗತ್ಯವೇ ಇಲ್ಲ. ನಮ್ಮ ಮೊಬೈಲ್ ನಂಬರಿಗೆ ಇರುವುದು 10 ಅಂಕಿ. ಮೊದಲನೆಯದು 6ರಿಂದ 9ರೊಳಗಿನದು. ಹಾಗಾಗಿ ಒಟ್ಟು ಸಾಧ್ಯತೆಗಳು 400 ಕೋಟಿ. ಗೇಮ್ ಆಡುವ ಹುಡುಗರ ಕಂಪ್ಯೂಟರಿನಲ್ಲಿರುವ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಹ್ಯಾಶ್ ಲೆಕ್ಕ ಹಾಕಬಲ್ಲದು. ಎಲ್ಲ ನಂಬರುಗಳ ಹ್ಯಾಶ್‌ಗಳನ್ನೂ ತಯಾರಿಸಿ ಹೋಲಿಸಿ ನೋಡಲು ಒಂದು ಕಾಫಿ ಕುಡಿಯುವಷ್ಟು ಸಮಯವೂ ಬೇಡ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರ ಕೆಲಸವೊಂದು 2025ರ ನವೆಂಬರಿನಲ್ಲಿ ಸುದ್ದಿಯಾಯಿತು. 'ಈ ನಂಬರು ನಿಮ್ಮಲ್ಲಿದೆಯೇ' ಎಂದು ಅವರು ವಾಟ್ಸ್ಆ್ಯಪ್ ಅನ್ನು ಗಂಟೆಗೆ 10 ಕೋಟಿಗೂ ಹೆಚ್ಚು ಸಲ ಕೇಳಿದರು. ಅದು ತಡೆಯದೆ ಉತ್ತರಿಸುತ್ತಾ ಹೋಯಿತು. ಕೊನೆಗೆ 350 ಕೋಟಿ ಖಾತೆಗಳ ಪಟ್ಟಿ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚು ಖಾತೆಗಳ ಚಿತ್ರವೂ ಎಲ್ಲರಿಗೂ ಕಾಣುವಂತಿತ್ತು. ಸಂದೇಶಗಳ ಗೂಢಲಿಪಿಗೆ ಏನೂ ಆಗಿರಲಿಲ್ಲ. ಬೀಗ ಒಡೆದವರೂ ಯಾರೂ ಇಲ್ಲ. ಪರಿಚಿತರನ್ನು ಸುಲಭವಾಗಿ ಹುಡುಕಿಕೊಡುವ ಸೌಲಭ್ಯವೇ ಸೋರಿಕೆಯ ದಾರಿಯಾಗಿತ್ತು. ವಿಷಯ ತಿಳಿದ ಮೇಲೆ ಕಂಪನಿ ಪ್ರಶ್ನೆಗಳ ವೇಗಕ್ಕೆ ಮಿತಿ ಹಾಕಿತು, ಸಂಶೋಧಕರು ಪಟ್ಟಿಯನ್ನು ಅಳಿಸಿದರು. ಅವರಿಗಿಂತ ಮೊದಲು ಬೇರೆ ಯಾರಾದರೂ ಕೇಳಿ ಪಡೆದಿದ್ದರೆ ಅವರೂ ಅಳಿಸುತ್ತಾರೆಂದು ನಂಬಲು ಕಾರಣವಿಲ್ಲ.

ಒಂಟಿ ನಂಬರಿನಿಂದ ಏನಾಗುತ್ತದೆ ಎನ್ನಬಹುದು. ನಮ್ಮಲ್ಲಿ ಅದೇ ನಂಬರು ಆಧಾರ್, ಬ್ಯಾಂಕು, ಯುಪಿಐ ಎಲ್ಲಕ್ಕೂ ಕೊಂಡಿ. ಪಾವತಿ ಆ್ಯಪ್‌ನಲ್ಲಿ ನಂಬರು ಒತ್ತಿದರೆ ಬ್ಯಾಂಕಿನಲ್ಲಿರುವ ಹೆಸರು ಬರುತ್ತದೆ. ಜಾಲತಾಣದಿಂದ ಮುಖ ಸಿಗುತ್ತದೆ. ಕಾಂಟ್ಯಾಕ್ಟ್ ಪಟ್ಟಿ ಕೈಸೇರಿದರೆ ಬಳಗವೂ ಸಿಗುತ್ತದೆ. ಬಳಗ ಸಿಕ್ಕರೆ ಏನಾಗುತ್ತದೆಂಬುದನ್ನು ನಾವು ಆಗಲೇ ಕಂಡಿದ್ದೇವೆ. ತತ್‌ಕ್ಷಣ ಸಾಲದ ಆ್ಯಪ್‌ಗಳು ಸಾಲಗಾರರ ಕಾಂಟ್ಯಾಕ್ಟ್ ಪಟ್ಟಿಯನ್ನೇ ಅಡಮಾನದಂತೆ ಇಟ್ಟುಕೊಂಡು, ಕಂತು ತಪ್ಪಿದಾಗ ಮಾವನಿಗೆ, ಮೇಷ್ಟ್ರಿಗೆ, ಆಫೀಸಿನವರಿಗೆಲ್ಲ ಕರೆ ಮಾಡಿ ಮಾನ ಕಳೆದವು. ರಿಸರ್ವ್ ಬ್ಯಾಂಕಿನ ಕಾರ್ಯತಂಡ 2021ರಲ್ಲಿ ಪರಿಶೀಲಿಸಿದ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600ರಷ್ಟು ಅಕ್ರಮವಾಗಿದ್ದವು. 2022ರ ಸೆಪ್ಟೆಂಬರಿನಲ್ಲಿ ಬಂದ ನಿಯಮ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ ಮುಟ್ಟುವುದನ್ನು ನಿಷೇಧಿಸಿತು. ಜಾಲತಾಣಗಳಿಗೆ ಅಂಥ ನಿಷೇಧವಿಲ್ಲ.

'ನನಗೆ ಖಾತೆಯೇ ಇಲ್ಲ' ಎನ್ನುವವರಿಗೂ ಇದರಿಂದ ಬಿಡುಗಡೆಯಿಲ್ಲ. 13,905 ಟ್ವಿಟರ್ ಬಳಕೆದಾರರ ಮೂರು ಕೋಟಿಗೂ ಹೆಚ್ಚು ಬರಹಗಳನ್ನು ಮುಂದಿಟ್ಟುಕೊಂಡ ಅಧ್ಯಯನವೊಂದು 2019ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಬ್ಬರು ಮುಂದೇನು ಬರೆಯಬಹುದೆಂಬುದನ್ನು ತಾತ್ವಿಕವಾಗಿ ಎಷ್ಟು ನಿಖರವಾಗಿ ಊಹಿಸಬಹುದೋ, ಅದರ ಸುಮಾರು ಶೇ. 95ರಷ್ಟು ಆ ವ್ಯಕ್ತಿಯ ಬರಹ ನೋಡದೆಯೇ ಸಿಗುತ್ತದೆ. ಎಂಟೊಂಬತ್ತು ಮಂದಿ ಒಡನಾಡಿಗಳ ಬರಹ ಸಾಕು ಎಂಬುದು ಅದರ ಅಂದಾಜು. ಖಾತೆ ಮುಚ್ಚಿ ಹೊರಟವರ ನೆರಳು ಗೆಳೆಯರ ಮಾತಿನಲ್ಲಿ ಉಳಿದಿರುತ್ತದೆ. ಜೊತೆಗೆ ಈ ದತ್ತಾಂಶ ಹಳಸುವುದಿಲ್ಲ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಸೋದರಮಾವನನ್ನು ಬದಲಾಯಿಸಲಾಗದು. ಇಂದು ಸಂಗ್ರಹವಾದದ್ದನ್ನು ಓದುವುದು ಹತ್ತು ವರ್ಷದ ನಂತರದ, ಇನ್ನೂ ಚುರುಕಾದ ಯಂತ್ರಗಳು.

ಒಳ್ಳೆಯ ಉದ್ದೇಶದ ಪ್ರಯತ್ನಗಳು ಏಕೆ ಸೊರಗಿದವು ಎಂಬುದನ್ನೂ ನೋಡಬೇಕು. 2010ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು 'ಡಯಾಸ್ಪೊರಾ' ಎಂಬ ಜಾಲಕ್ಕೆ 10,000 ಡಾಲರ್ ಕೇಳಿದರು, ಜನ ಕೊಟ್ಟದ್ದು 2 ಲಕ್ಷಕ್ಕೂ ಹೆಚ್ಚು. ಅಪೇಕ್ಷೆ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಮೊದಲು ಬಿಟ್ಟ ಕೋಡ್‌ನಲ್ಲಿ ಭದ್ರತೆಯ ತೂತುಗಳಿದ್ದವು, 2012ರಲ್ಲಿ ಅದು ಸ್ವಯಂಸೇವಕರ ಕೈಸೇರಿತು. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಆರಂಭಿಸಿದ ಮ್ಯಾಸ್ಟೊಡಾನ್ ಇಂದಿಗೂ ಇದೆ. ಅದಕ್ಕೆ ಒಬ್ಬ ಯಜಮಾನನಿಲ್ಲ, ಸಾವಿರಾರು ಸರ್ವರ್‌ಗಳು ಪರಸ್ಪರ ಮಾತಾಡಿಕೊಳ್ಳುತ್ತವೆ. ಆದರೆ ಯಾವ ಸರ್ವರ್ ಸೇರಬೇಕೆಂದು ಆರಿಸುವಲ್ಲೇ ಹೊಸಬರು ತಬ್ಬಿಬ್ಬಾಗುತ್ತಾರೆ. ಅದರ 'ಖಾಸಗಿ' ಸಂದೇಶಗಳನ್ನು ಸರ್ವರ್ ನಡೆಸುವವರು ಬಯಸಿದರೆ ಓದಬಹುದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ, ಕನ್ನಡದಿಂದಲೇ ಶುರುವಾದ 'ಕೂ' ಬಳಸಲು ಸಲೀಸಾಗಿತ್ತು. ಹಣ ಹೊಂದಲಿಲ್ಲ, 2024ರ ಜುಲೈನಲ್ಲಿ ಬಾಗಿಲು ಹಾಕಿತು. ಜಾಲತಾಣ ಮುಚ್ಚುವ ಗಳಿಗೆಯೂ ಅಪಾಯದ ಗಳಿಗೆಯೇ. ಯಾವ ಕಂಪನಿಯೇ ಆಗಲಿ ಮುಳುಗುವಾಗ ಮಾರಲು ಉಳಿಯುವ ಆಸ್ತಿಗಳಲ್ಲಿ ಬಳಕೆದಾರರ ದತ್ತಾಂಶವೂ ಒಂದು.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರ ಬುನಾದಿ ಒಬ್ಬೊಬ್ಬರ ಒಪ್ಪಿಗೆ. ನನ್ನ ತಕರಾರು ಇರುವುದು ಇಲ್ಲೇ: ಕಾಂಟ್ಯಾಕ್ಟ್ ಪಟ್ಟಿ ಎಂಬುದು ಒಬ್ಬರ ಸ್ವತ್ತಲ್ಲ, ಅದಕ್ಕೆ ಒಬ್ಬರ ಒಪ್ಪಿಗೆ ಸಾಲದು.

ಹಾಗಾದರೆ ಸುಲಭವೂ ಖಾಸಗಿಯೂ ಆದ ಜಾಲ ಅಸಾಧ್ಯವೇ? ಸಿಗ್ನಲ್ ಎಂಬ ಸಂದೇಶ ಆ್ಯಪ್‌ನ ಅನುಭವ ಬೇರೆಯದೇ ಹೇಳುತ್ತದೆ. ತಾನು ನಂಬರುಗಳನ್ನು ಇಟ್ಟುಕೊಳ್ಳದೆ ಪರಿಚಿತರನ್ನು ಹುಡುಕಿಕೊಡುವ ವಿಧಾನವನ್ನು ಅದು 2017ರಿಂದ ತಿದ್ದುತ್ತಾ ಬಂದಿದೆ. 2024ರಿಂದ ನಂಬರು ತೋರಿಸದೆ ಬರೀ ಬಳಕೆದಾರ ಹೆಸರಿನಿಂದ ಮಾತಾಡಬಹುದು. ಆದರೆ ಇದು ಪುಕ್ಕಟೆಯಲ್ಲ. 2025ರ ಹೊತ್ತಿಗೆ ವರ್ಷಕ್ಕೆ ಸುಮಾರು 5 ಕೋಟಿ ಡಾಲರ್ ಬೇಕಾಗುತ್ತದೆಂದು ಆ ಸಂಸ್ಥೆಯೇ ಅಂದಾಜಿಸಿತ್ತು. ಅದಕ್ಕೆ ಜಾಹೀರಾತು ಇಲ್ಲ, ದೇಣಿಗೆಯೇ ಮುಖ್ಯ ಆಧಾರ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು ಬಳಕೆದಾರರೊಬ್ಬರ ವಿವರ ಒಪ್ಪಿಸಲು ಆದೇಶಿಸಿದಾಗ ಸಿಗ್ನಲ್‌ಗೆ ಕೊಡಲು ಸಾಧ್ಯವಾದದ್ದು ಎರಡೇ: ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಉಳಿದದ್ದು ಅದರ ಬಳಿ ಇರಲೇ ಇಲ್ಲ.