ಜಠರದ ಹುಣ್ಣೂ ಬಾಲ್ಯದ ನೀರೂ

ಉಂಡು ಎದ್ದ ಸ್ವಲ್ಪ ಹೊತ್ತಿನಲ್ಲಿಯೇ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರಗಳು ಕಾಣಿಸಿಕೊಂಡರೆ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತಿನಲ್ಲಿ ಅದನ್ನು ಮುಗಿಸಿ, ಸಾರಿನ ಖಾರದ ಮೇಲೋ ಕಚೇರಿಯ ಚಿಂತೆಯ ಮೇಲೋ ದೋಷವನ್ನು ಹೊರಿಸಿ, ಔಷಧದಂಗಡಿಯ ಗುಳಿಗೆಯೊಂದನ್ನು ನುಂಗುವುದು ನಮ್ಮಲ್ಲಿ ರೂಢಿ. ವೈದ್ಯಶಾಸ್ತ್ರವೂ ಬಹುಕಾಲ ಇದೇ ಮತವನ್ನು ತಾಳಿದ್ದಿತು. ಜಠರದ ಹುಣ್ಣಿಗೆ ಮನಃಕ್ಲೇಶವೂ ಆಮ್ಲದ ಅತಿರೇಕವೂ ಕಾರಣವೆಂದೂ, ಅಷ್ಟು ತೀಕ್ಷ್ಣವಾದ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ನೆಲಸಲಾರದೆಂದೂ ಪಂಡಿತರು ನಂಬಿದ್ದರು.

ಈ ನಂಬಿಕೆಯನ್ನು ಬುಡಮೇಲು ಮಾಡಿದವರು ಆಸ್ಟ್ರೇಲಿಯದ ಪರ್ತ್ ನಗರದ ಇಬ್ಬರು ವೈದ್ಯರು. ರೋಗಿಗಳ ಜಠರದಿಂದ ತೆಗೆದ ಅಂಗಾಂಶದ ಚೂರುಗಳಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯಗಳನ್ನು 1979ರಲ್ಲಿ ಗುರುತಿಸಿದವರು ರಾಬಿನ್ ವಾರೆನ್. ಬ್ಯಾರಿ ಮಾರ್ಷಲ್ ಅವರೊಡಗೂಡಿ ಅವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಹೊರಟಾಗ, ಎರಡು ದಿನಗಳಲ್ಲಿ ಏನೂ ಕಾಣದ ತಟ್ಟೆಗಳನ್ನು ಬಿಸುಡುವುದು ವಾಡಿಕೆಯಾಗಿದ್ದುದರಿಂದ ಪ್ರಯತ್ನವೆಲ್ಲ ನಿಷ್ಫಲವಾಗುತ್ತಿದ್ದಿತು. 1982ರ ಈಸ್ಟರ್ ರಜೆಯ ದೆಸೆಯಿಂದ ಐದು ದಿನ ಹಾಗೆಯೇ ಉಳಿದ ತಟ್ಟೆಗಳಲ್ಲಿ ಆ ಜೀವಿ ಚಿಗುರಿತು. ಆದರೂ ಹುಣ್ಣಿಗೆ ಅದೇ ಕಾರಣವೆಂಬುದನ್ನು ವಿದ್ವಜ್ಜನರು ಒಪ್ಪದಿರಲು, ಮಾರ್ಷಲ್ 1984ರಲ್ಲಿ ಅದರ ದ್ರಾವಣವನ್ನು ತಾವೇ ಕುಡಿದು, ಕೆಲವೇ ದಿನಗಳಲ್ಲಿ ವಾಂತಿಗೂ ಜಠರದ ಉರಿಯೂತಕ್ಕೂ ಗುರಿಯಾಗಿ, ತಮ್ಮ ದೇಹವನ್ನೇ ಸಾಕ್ಷ್ಯವಾಗಿ ಒಡ್ಡಿದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರಾದ ಈ ಜೀವಿಯ ಶೋಧಕ್ಕಾಗಿ 2005ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಸಂದಿತು.

ಯೂರಿಯವನ್ನು ಒಡೆದು ಅಮೋನಿಯವನ್ನು ಹುಟ್ಟಿಸಿ, ತನ್ನ ಸುತ್ತಣ ಆಮ್ಲವನ್ನು ಶಮನಗೊಳಿಸಿಕೊಂಡು, ಜಠರದ ಲೋಳೆಪದರದೊಳಗೆ ಕೊರೆದು ಸೇರುವ ಇದು, ಚಿಕಿತ್ಸೆಯಿಲ್ಲದಿದ್ದರೆ ಸಾಮಾನ್ಯವಾಗಿ ಜೀವಮಾನವೆಲ್ಲ ಅಲ್ಲಿಯೇ ಉಳಿಯುತ್ತದೆ. ಜಗತ್ತಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇದು ಮನೆಮಾಡಿಕೊಂಡಿದೆ. ಇದು ಹತ್ತುವುದು ಬಹುಮಟ್ಟಿಗೆ ಬಾಲ್ಯದಲ್ಲಿ, ಅದೂ ಮನೆಯವರಿಂದಲೇ: ಎಂಜಲು, ವಾಂತಿ, ಮಲದಿಂದ ಕೆಟ್ಟ ನೀರು ಇದರ ಹಾದಿಗಳು. ಒಂದೇ ಕೋಣೆಯಲ್ಲಿ ಹಲವರು ಮಲಗುವ, ಶುದ್ಧಜಲವೂ ಶೌಚಾಲಯವೂ ಇಲ್ಲದ ಮನೆಯ ಮಗುವಿಗೆ ಇದು ಬೇಗ ತಗಲುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಹುಟ್ಟಿದ ಜಪಾನೀಯರಲ್ಲಿ ಬಹುಮಂದಿಗೆ ಇದ್ದ ಈ ಸೋಂಕು, ಜೀವನಮಟ್ಟ ಸುಧಾರಿಸಿದಂತೆಲ್ಲ ಇಳಿಯುತ್ತ ಬಂದು, ಅಲ್ಲಿನ ಇಂದಿನ ಮಕ್ಕಳಲ್ಲಿ ವಿರಳವಾಗಿದೆ. ಆದುದರಿಂದ ಐವತ್ತರ ವಯಸ್ಸಿನವನ ಹೊಟ್ಟೆಯ ಸೋಂಕು ಅವನ ಇಂದಿನ ಊಟವನ್ನಲ್ಲ, ಅವನು ಬೆಳೆದ ಮನೆಯ ಸ್ಥಿತಿಯನ್ನು ಹೇಳುತ್ತದೆ.

ಸೋಂಕುಳ್ಳವರಲ್ಲಿ ಹೆಚ್ಚಿನವರಿಗೆ ಯಾವ ಬಾಧೆಯೂ ತೋರದು. ಹತ್ತರಲ್ಲಿ ಒಬ್ಬರಿಗೆ ಹುಣ್ಣಾಗಬಹುದು, ನೂರರಲ್ಲಿ ಒಬ್ಬಿಬ್ಬರಿಗೆ ಜಠರದ ಕ್ಯಾನ್ಸರ್ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು 1994ರಲ್ಲಿಯೇ ಇದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು.

ಆಗಾಗ ಮರುಕಳಿಸುವ ಹೊಟ್ಟೆನೋವು, ಕಪ್ಪುಮಲ, ಕಾರಣವಿಲ್ಲದೆ ಇಳಿಯುವ ತೂಕ, ಮನೆತನದಲ್ಲಿ ಜಠರದ ಕ್ಯಾನ್ಸರ್ — ಇವುಗಳಲ್ಲಿ ಯಾವುದಿದ್ದರೂ ಗುಳಿಗೆಯಿಂದ ಕಾಲ ತಳ್ಳದೆ ವೈದ್ಯರನ್ನು ಕಾಣುವುದು ಯುಕ್ತ. ಉಸಿರಿನ ಪರೀಕ್ಷೆಯಿಂದಲೋ ಎಂಡೋಸ್ಕೋಪಿಯಿಂದಲೋ ಸೋಂಕು ಪತ್ತೆಯಾಗುತ್ತದೆ. ಸಾಮಾನ್ಯವಾಗಿ ಹದಿನಾಲ್ಕು ದಿನಗಳ ಔಷಧಕ್ರಮವನ್ನು ನೋವಿಳಿಯಿತೆಂದು ನಡುವೆ ಬಿಟ್ಟರೆ ಬ್ಯಾಕ್ಟೀರಿಯವು ಔಷಧಕ್ಕೆ ಬಗ್ಗದಂತಾಗಬಹುದು. ವೈದ್ಯನು ಒಬ್ಬೊಬ್ಬನ ಹುಣ್ಣನ್ನು ಮಾಯಿಸಬಲ್ಲನು. ಮುಂದಿನ ತಲೆಮಾರನ್ನು ಈ ಸೋಂಕಿನಿಂದ ಕಾಯುವ ಹೊಣೆ ಊರಿಗೆ ನಲ್ಲಿಯನ್ನೂ ಚರಂಡಿಯನ್ನೂ ಒದಗಿಸಬೇಕಾದ ಆಡಳಿತದ್ದು.